ಅತ್ತೆ ಆರಿಸಿದ ಹಲಗೆ

ಗಡಿಯ ಊರು ಜಹೀರಾಬಾದಿನ ನೌಕರರ ಕ್ಲಬ್ಬಿಗೆ ಸಂಜೆ ಆರರ ಮೇಲೆ ಹೋದರೆ, ಟೇಬಲ್ ಟೆನಿಸ್ ಮೇಜಿನ ಬಳಿ ಯಾರಿದ್ದಾರೆಂದು ಇಣುಕಿ ನೋಡಬೇಕಾಗಿಲ್ಲ. ಗಂಡಸರು ಆಡುತ್ತಿದ್ದರೆ ಪಟಪಟ ಸದ್ದು ಹೆದ್ದಾರಿಯ ತನಕ ಕೇಳುತ್ತದೆ. ಶಿವಗಂಗಾ ಆಡುತ್ತಿದ್ದರೆ ಅರ್ಧ ಸದ್ದು ಮಾತ್ರ. ಚೆಂಡು ಮೇಜಿಗೆ ಬಿದ್ದದ್ದು ಕೇಳುತ್ತದೆ, ಬ್ಯಾಟಿಗೆ ತಾಗಿದ್ದು ಕೇಳುವುದಿಲ್ಲ. ಅವಳು ಚೆಂಡನ್ನು ಹೊಡೆಯುವುದಿಲ್ಲ, ಕೆಳಗಿನಿಂದ ಮೇಲಕ್ಕೆ ಉಜ್ಜುತ್ತಾಳೆ. ಅದು ಗಿರಗಿರ ತಿರುಗುತ್ತ, ಅವಸರವೇ ಇಲ್ಲದೆ ಬಲೆಯ ಮೇಲೆ ಬಾಗಿ ಬರುತ್ತದೆ. ಹೊಸಬರು ಇಷ್ಟೇನಾ ಎಂದು ನಗುತ್ತಾರೆ. ಮೇಜು ಮುಟ್ಟಿದ್ದೇ ತಡ, ಅದು ಮುಂದಕ್ಕೆ ಚಿಮ್ಮಿ ಅವರು ಅಡ್ಡ ಹಿಡಿದ ಬ್ಯಾಟಿನಿಂದ ಚಾವಣಿಗೆ ಹಾರುತ್ತದೆ. ಎರಡನೆಯ ಸಲ ನಕ್ಕವರನ್ನು ಕ್ಲಬ್ಬಿನಲ್ಲಿ ಯಾರೂ ಕಂಡಿಲ್ಲ.

ಶಿವಗಂಗಾಳಿಗೆ ನಲವತ್ತಮೂರು. ಮೊಗುಡಂಪಲ್ಲಿಯ ಮಂಡಲ ಕಚೇರಿಯಲ್ಲಿ ಜೂನಿಯರ್ ಅಸಿಸ್ಟೆಂಟ್. ದಿನಾ ಬೆಳಿಗ್ಗೆ ಶೇರ್ ಆಟೊ ಹಿಡಿದು ಹೋಗುತ್ತಾಳೆ; ಪಿಂಚಣಿ ಅರ್ಜಿ ಹಿಡಿದು ಬರುವ ಮುದುಕಿಯರ ಅರ್ಧ ಕನ್ನಡ ಅರ್ಧ ತೆಲುಗಿನ ಮಾತನ್ನು ಪೂರ್ತಿ ತೆಲುಗಿನಲ್ಲಿ ಬರೆದುಕೊಡುತ್ತಾಳೆ. ಅವಳ ಮನೆಮಾತು ಕನ್ನಡ, ಆದರೆ ಕಲಿತದ್ದು ತೆಲುಗು ಶಾಲೆಯಲ್ಲಿ. ಕನ್ನಡದ ಅಕ್ಷರ ಬಾರದು. ಗಂಡ ಲಿಂಗರಾಜನಿಗೆ ಹೆದ್ದಾರಿಯ ಮೇಲೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಮನೆಯಲ್ಲಿ ಮೂರನೆಯವರು ಅತ್ತೆ ಈರಮ್ಮ, ಎಪ್ಪತ್ತಾರು ದಾಟಿದವರು.

ಆಟ ಹತ್ತಿದ್ದು ತವರೂರು ನಾರಾಯಣಖೇಡದ ಶಾಲೆಯಲ್ಲಿ. ಅಲ್ಲಿನ ಡ್ರಿಲ್ ಮಾಸ್ತರ ಆತ್ಮಾರಾಮರಿಗೆ ಸರ್ಕಾರ ಮೇಜು ಕೊಡಲಿಲ್ಲ. ಅವರು ತಾಂಡೂರಿನ ಎರಡು ನೀಲಿ ಕಲ್ಲಿನ ಚಪ್ಪಡಿ ತರಿಸಿ, ಇಟ್ಟಿಗೆಯ ಕಂಬಗಳ ಮೇಲೆ ಕೂರಿಸಿ, ನಡುವೆ ಹಗ್ಗ ಕಟ್ಟಿದರು. ಕಲ್ಲಿನ ಮೇಲೆ ಚೆಂಡು ಏಳುವುದೇ ಇಲ್ಲ, ಜಾರಿ ಓಡುತ್ತದೆ. ಅದನ್ನು ಎತ್ತಬೇಕೆಂದರೆ ಕೆಳಗಿನಿಂದ ಉಜ್ಜಲೇಬೇಕು. ಹೀಗೆ ಸರ್ಕಾರದ ಬಡತನದಿಂದ ಶಿವಗಂಗಾಳಿಗೆ ಒಂದು ವಿದ್ಯೆ ಬಂತು. ಮದುವೆ, ನೌಕರಿ, ಭುಜದ ನೋವು, ಯಾವುದರಲ್ಲೂ ಅವಳು ಅದನ್ನು ಬಿಟ್ಟುಕೊಟ್ಟಿರಲಿಲ್ಲ.

ಆದರೆ ಒಂದು ಆಸೆ ಹಾಗೇ ಉಳಿದಿತ್ತು. ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಈ ಮೂರೂರಿನ ಕ್ಲಬ್ಬುಗಳು ಸೇರಿ ವರ್ಷಕ್ಕೊಮ್ಮೆ ಹೈದರಾಬಾದಿನ ನೌಕರರ ಪಂದ್ಯಕ್ಕೆ ಒಬ್ಬ ಹೆಂಗಸನ್ನು ಮಾತ್ರ ಕಳಿಸುತ್ತವೆ. ಇಪ್ಪತ್ತು ವರ್ಷದಲ್ಲಿ ಆ ಒಬ್ಬಳು ಶಿವಗಂಗಾ ಆಗಿರಲಿಲ್ಲ. ಹೋದ ವರ್ಷ ಕೊನೆಯ ಆಯ್ಕೆ ಪಂದ್ಯದ ತನಕ ಹೋಗಿ, ತಾಂಡೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ನೇಹಾಳ ಕೈಲಿ ಸೋತಿದ್ದಳು. ನೇಹಾಳಿಗೆ ಇಪ್ಪತ್ತಾರು. ಇನ್ನು ಒಂದೆರಡು ವರ್ಷ ಹೋದರೆ ನಲವತ್ತಮೂರರ ಭುಜ ಹೇಳಿದ ಮಾತು ಕೇಳುವುದಿಲ್ಲ. ಅದು ಶಿವಗಂಗಾಳಿಗೆ ಚೆನ್ನಾಗಿ ಗೊತ್ತಿತ್ತು.

ಹೋದ ವರ್ಷದ ಸೋಲಿಗೆ ಕಾರಣವೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಪಂದ್ಯಕ್ಕೆ ಮುಂಚೆ ಲಿಂಗರಾಜ ಪ್ರೀತಿಯಿಂದ ಒಂದು ಕಾರ್ಬನ್ ಬ್ಯಾಟು ತಂದುಕೊಟ್ಟಿದ್ದ. "ಇದ್ರಾಗ ವಿಮಾನಕ್ಕ ಹಾಕೋ ಮಾಲ್ ಅದ, ನೀ ಸುಮ್ನ ಮುಟ್ಟಿಸು, ಚೆಂಡ್ ಗೋಲಿ ಹೋದಂಗ ಹೋಗ್ತದ" ಎಂದಿದ್ದ. ಹೋಗುವುದೇನೋ ಬಂದೂಕಿನ ಗುಂಡು ಹೋದಂತೆಯೇ ಹೋಯಿತು, ಮೇಜಿನ ಆಚೆಗೆ. ಅವಳು ಉಜ್ಜುವಷ್ಟರಲ್ಲಿ ಚೆಂಡು ಬ್ಯಾಟು ಬಿಟ್ಟು ಹೋಗಿರುತ್ತಿತ್ತು. ಟ್ರ್ಯಾಕ್ಟರಿನವನಿಗೆ ವೇಗವೇ ದೇವರು, ಅವನನ್ನು ಏನೆನ್ನುವುದು? ಒಂದು ವರ್ಷ ಆ ಬ್ಯಾಟನ್ನು ಹೊಗಳುತ್ತ ಹೊಗಳುತ್ತ, ಹಳೆಯ ಬಿರುಕು ಬಿಟ್ಟ ಮರದ ಬ್ಯಾಟಿನಲ್ಲೇ ಆಡಿದಳು. ಈ ಶ್ರಾವಣದಲ್ಲಿ ಆ ಬಿರುಕು ಹಿಡಿಕೆಯ ತನಕ ಇಳಿದಾಗ, ಒಂದು ಭಾನುವಾರ ಬಸ್ಸು ಹತ್ತಿ ನಾರಾಯಣಖೇಡಕ್ಕೆ ಹೋದಳು.

ಆತ್ಮಾರಾಮ ಮಾಸ್ತರರಿಗೆ ಈಗ ಎಂಬತ್ತರ ಹತ್ತಿರ. ಕಾರ್ಬನ್ ಬ್ಯಾಟನ್ನು ಕೈಯಲ್ಲಿ ತಿರುಗಿಸಿ, ಬೇರೆಯವರ ಮನೆಯ ಮಗುವನ್ನು ಕೊಟ್ಟ ಹಾಗೆ ಜೋಪಾನವಾಗಿ ವಾಪಸು ಕೊಟ್ಟರು.

"ಇದು ಛೊಲೋನೇ ಅದ. ಆದ್ರ ನಿಂದಲ್ಲ. ನಿಂದು ಹೊಡಿಯೋ ಆಟ ಅಲ್ಲವ್ವ, ಉಜ್ಜೋ ಆಟ. ಉಜ್ಜೋರಿಗಿ ಬರೀ ಕಟ್ಟಿಗಿ ಬೇಕು. ಐದ್ ಪದರಿಂದು ಸಾಕು, ಏಳ್ ಪದರ ಬ್ಯಾಡ. ಮ್ಯಾಲಿನ ಪದರ ಮೆತ್ತಗಿರಬೇಕು. ಚೆಂಡ್ ಬಂದು ಒಂದೀಟ್ ಕುಂದ್ರಬೇಕು. ಕುಂತ್ರ ಅಲ್ಲೇನು ನೀ ತಿರುಗಿಸೋದು?"

"ತೂಕ ಎಷ್ಟಿರ್ಲಿ ಸರ್?"

"ಎಂಬತ್ತೈದ್ ಗ್ರಾಮಿನ ಆಜುಬಾಜು. ತೊಂಬತ್ತರ ಕಡಿ ಹೋಗಬ್ಯಾಡ, ನಿನ್ನ ಭುಜ ಅಳ್ತದ. ಇನ್ನೊಂದ್ ಮಾತು. ಒಂದೇ ಕಂಪನಿ, ಒಂದೇ ಮಾದರಿ ಇದ್ರೂ ಎರಡ್ ಹಲಗಿ ಒಂದೇ ಥರ ಇರಂಗಿಲ್ಲ. ಕಟ್ಟಿಗಿ ಅದು. ಕೈಯಾಗ ಹಿಡದು, ಕಿವಿಗೊಟ್ಟು ತಗೊ."

ಆಟದವರು ರಬ್ಬರ್ ಅಂಟಿಸದ ಬರಿ ಹಲಗೆಗೆ ಬ್ಲೇಡ್ ಎನ್ನುತ್ತಾರೆ. ಮಾಸ್ತರರು ಚೀಟಿಯಲ್ಲಿ ಬರೆದುಕೊಟ್ಟ ಮಾದರಿಯದನ್ನೇ ಲಿಂಗರಾಜ ಮಾಲು ತರಲು ಹೈದರಾಬಾದಿಗೆ ಹೋದಾಗ ಕೇಳಿ ತಂದ. ಕಾರ್ಬನ್ ಯಾಕೆ ಬೇಡವೆಂದು ಅವಳು ಕೊನೆಗೂ ಹೇಳಿದ್ದಳು. ಅವನು ಎರಡು ದಿನ ಮುಖ ದಪ್ಪ ಮಾಡಿಕೊಂಡು, ಮೂರನೆಯ ದಿನ ತಾನೇ ಅಂಗಡಿಯವನೊಡನೆ ಮಾತಾಡಿ ಎರಡು ಬ್ಲೇಡು ತಂದಿದ್ದ. ಒಂದನ್ನು ಆರಿಸಿ ಇನ್ನೊಂದನ್ನು ವಾಪಸು ಕಳಿಸಬೇಕು.

ಶಿವಗಂಗಾ ಎರಡನ್ನೂ ಹಿಡಿದು ಪಡಸಾಲೆಯಲ್ಲಿ ಕೂತಳು. ಎರಡೂ ಐದು ಪದರದವು, ಎರಡರ ಬಣ್ಣವೂ ಹಾಲು ಹಾಕಿದ ಚಹದ್ದು. ಒಂದು ಎಂಬತ್ತಾರು ಗ್ರಾಮು, ಇನ್ನೊಂದು ಎಂಬತ್ತೇಳು. ಚೆಂಡು ಕುಟ್ಟಿ ಕುಟ್ಟಿ ನೋಡಿದಳು. ಒಮ್ಮೆ ಇದು ಸರಿ ಎನಿಸುತ್ತಿತ್ತು, ಮತ್ತೊಮ್ಮೆ ಅದು. ಎದುರಿಗೆ ಮೊರದಲ್ಲಿ ತೊಗರಿ ಆರಿಸುತ್ತ ಕೂತಿದ್ದ ಈರಮ್ಮನವರು ಟಕ್ ಟಕ್ ಕೇಳಿ ಕೇಳಿ ಸಾಕಾಗಿ ಕೈ ಚಾಚಿದರು.

"ತಾ ಇಲ್ಲಿ. ಏನ್ ಕೆಲಸಕ್ಕ ಬೇಕು ನಿನಗ? ಬಡಿಯಾಕೋ, ಎಳಿಯಾಕೋ?"

ಶಿವಗಂಗಾ ತಬ್ಬಿಬ್ಬಾದಳು. ಇಷ್ಟು ವರ್ಷದಲ್ಲಿ ಅವಳ ಆಟದ ಬಗ್ಗೆ ಯಾರೂ ಇಷ್ಟು ನೆಟ್ಟಗಿನ ಪ್ರಶ್ನೆ ಕೇಳಿರಲಿಲ್ಲ. "ಎಳಿಯಾಕ್ರಿ ಅತ್ತಿ" ಎಂದಳು.

ಈರಮ್ಮನವರ ಕಿವಿಗೆ ಹಳ್ಳಿಯಲ್ಲಿ ಹೆಸರಿತ್ತು. ಕುಂಟೆ ಇರಲಿ, ಕೂರಿಗೆ ಇರಲಿ, ಗುದ್ದಲಿಯ ಕಾವು ಇರಲಿ, ಮಾವ ವೀರಪ್ಪನವರು ಬದುಕಿರುವ ತನಕ ಹೆಂಡತಿ ಬಾರಿಸಿ ನೋಡದ ಕಟ್ಟಿಗೆಯನ್ನು ಮನೆಗೆ ತಂದವರಲ್ಲ. ಬಡಿಗನೇ ಮರ ತೋರಿಸುವ ಮುಂಚೆ "ಅವ್ವಾರು ಬಂದಾರೇನ್ರಿ" ಎಂದು ಕೇಳುತ್ತಿದ್ದನಂತೆ. ಈಗ ಅವರು ಎರಡೂ ಹಲಗೆಗಳನ್ನು ಹಿಡಿಕೆಯ ತುದಿಯಲ್ಲಿ ಎರಡೇ ಬೆರಳಿನಿಂದ ತೂಗುಬಿಟ್ಟು, ಬೆರಳ ಗೆಣ್ಣಿನಿಂದ ಬಾರಿಸಿದರು. ಒಂದು ಠಣ್ ಎಂದಿತು. ಇನ್ನೊಂದು ಅದಕ್ಕಿಂತ ತಗ್ಗಿದ ದನಿಯಲ್ಲಿ ಡುಬ್ ಎಂದಿತು.

"ಠಣ್ ಅನ್ನೋದು ಬಡಿಯಾಕ. ಕೊಟ್ಟಿದ್ದು ಹಂಗೇ ವಾಪಸ್ ಕೊಡ್ತದ. ಇದು ನೋಡು, ತಡದು ಮಾತಾಡ್ತದ. ಎಳಿಯಾಕ ಇದೇ."

ಶಿವಗಂಗಾ ಕಣ್ಣು ಮುಚ್ಚಿ ತಾನೂ ಬಾರಿಸಿ ನೋಡಿದಳು. ಹೌದು. ಅರ್ಧ ದಿನ ಚೆಂಡು ಕುಟ್ಟಿ ತಿಳಿಯದ್ದು ಈಗ ತಿಳಿಯಿತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಕಚೇರಿಯ ಚೀಲದಿಂದ ಪೆನ್ಸಿಲ್ ತೆಗೆದು, ಹಿಡಿಕೆಯ ಮೇಲ್ಗಡೆ, ಮುಂದೆ ರಬ್ಬರಿನಡಿ ಮುಚ್ಚಿಹೋಗುವ ಜಾಗದಲ್ಲಿ ಎರಡು ಪದ ಬರೆದಳು: ಅತ್ತಿ ಆರಿಸಿದ್ದು. ಮಾತು ಕನ್ನಡ, ಅಕ್ಷರ ತೆಲುಗು. ಯಾವ ಕಡತದ ಮೂಲೆಯಲ್ಲೂ ಯಾರ ಶಿಫಾರಸು ಎಂದು ಬರೆಯದೆ ಅವಳಿಗೆ ಸಮಾಧಾನವಿಲ್ಲ. ಓದು ಬಾರದ ಈರಮ್ಮನವರು ಆ ಗೀಚನ್ನು ನೋಡಿ ಏನೂ ಕೇಳದೆ ಮತ್ತೆ ತೊಗರಿಗೆ ಕೈ ಹಾಕಿದರು.

ಇನ್ನೊಂದು ಹಲಗೆ ಹೈದರಾಬಾದಿಗೆ ಮರಳಿತು. ಅಂಟು, ಕೆಂಪು ರಬ್ಬರು, ಕಪ್ಪು ರಬ್ಬರು, ಎಲ್ಲ ತಯಾರಾಗಿದ್ದವು. ಅಷ್ಟರಲ್ಲಿ ಖಂಡೇಪೂಜೆ ಬಂತು. ಮನೆಯ ಆಯುಧಗಳಿಗೆಲ್ಲ ಅವತ್ತು ಪೂಜೆ. ಲಿಂಗರಾಜನ ಅಂಗಡಿಯ ಸ್ಪ್ಯಾನರು ಪಾನಾಗಳ ಪಕ್ಕ ತನ್ನ ಹಲಗೆಯೂ ಇರಲೆಂದು ಶಿವಗಂಗಾಳೇ ಹಿಂದಿನ ದಿನ ಕಚೇರಿಗೆ ಹೊರಡುವಾಗ, "ಅತ್ತಿ, ಇದನೂ ಪೂಜಾಕ್ಕ ಇಡ್ರಿ, ಹಬ್ಬ ಆದ ಮ್ಯಾಲ ರಬ್ಬರ್ ಹಚ್ತೀನಿ" ಎಂದು ಹೇಳಿಹೋದಳು. ತಪ್ಪು ಆಗಿದ್ದು ಇಲ್ಲೇ. ಒಕ್ಕಲುತನದ ಮನೆಯಲ್ಲಿ ಹೊಸ ಕಟ್ಟಿಗೆಯನ್ನು ಬರಿದಾಗಿ ಯಾರೂ ಪೂಜೆಗೆ ಇಡುವುದಿಲ್ಲ. ಅದಕ್ಕೆ ಕುಸುಬಿ ಎಣ್ಣೆ ತಿಕ್ಕಿ, ಬಿಸಿಲಿಗೆ ಇಟ್ಟು, ಮತ್ತೆ ತಿಕ್ಕಬೇಕು. ಎಣ್ಣೆ ಕುಡಿದ ಕಟ್ಟಿಗೆ ಸೀಳುವುದಿಲ್ಲ, ಹುಳ ಹಿಡಿಯುವುದಿಲ್ಲ. ಹೊಲದ ಸಾಮಾನಿಗೆ ಅದು ಸರಿಯೇ. ಆದರೆ ಎಣ್ಣೆ ಕುಡಿದ ಬ್ಲೇಡಿಗೆ ಅಂಟು ಹತ್ತುವುದಿಲ್ಲ, ತೂಕ ಏರುತ್ತದೆ, ದನಿ ಸಾಯುತ್ತದೆ.

ಸಂಜೆ ಬಂದು ನೋಡಿದರೆ ಮಾಳಿಗೆಯ ಮೇಲೆ, ವಿಭೂತಿಯ ಮೂರು ಗೆರೆ ಹೊತ್ತು, ಹಲಗೆ ಜೇನಿನ ಬಣ್ಣಕ್ಕೆ ತಿರುಗಿ ಮಿರಿಮಿರಿ ಮಿಂಚುತ್ತಿತ್ತು. ಪಕ್ಕದಲ್ಲಿ ಈರಮ್ಮನವರು, ಎಣ್ಣೆಗೈ, ಮುಖದ ತುಂಬ ಸಂತೋಷ. "ನೋಡು, ಎರಡ್ ಸಲ ಕುಡಿಸೀನಿ. ನಿನ್ನ ಕೈಯಾಗ ಹತ್ತ್ ವರ್ಷ ಬರ್ತದ."

ಇಪ್ಪತ್ತೊಂದು ವರ್ಷ ಒಂದೇ ಮನೆಯಲ್ಲಿದ್ದು ಒಮ್ಮೆಯೂ ಎತ್ತರದ ದನಿಯಲ್ಲಿ ಮಾತಾಡದ ಸೊಸೆ ಅವತ್ತು ಮಾತಾಡಿದಳು. "ಇದೇನ್ ಕುಂಟಿ ಕೂರಗಿ ಮಾಡೀರಿ? ಹಾಳ್ ಮಾಡಿದ್ರಿ! ನನ್ನ ಇಡೀ ವರ್ಷ ಹಾಳ್ ಮಾಡಿದ್ರಿ! ನಿಮಗೇನ್ ತಿಳೀತದ್ರಿ ಕಟ್ಟಿಗಿ?"

ಕೊನೆಯ ಮಾತು ಅತಿಯಾಯಿತೆಂದು ಅದು ಬಾಯಿಂದ ಜಾರಿದ ಕೂಡಲೇ ಶಿವಗಂಗಾಳಿಗೇ ತಿಳಿಯಿತು. ಬೇರೆ ಏನಂದಿದ್ದರೂ ನಡೆಯುತ್ತಿತ್ತು. ಈರಮ್ಮನವರು ಸೆರಗಿಗೆ ಕೈ ಒರೆಸಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದರು. ಹಿಂದೆ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಸಿಟ್ಟು ಕಾಲು ಹಿಡಿದು ನಿಲ್ಲಿಸಿತು. ಆಯ್ಕೆ ಪಂದ್ಯಕ್ಕೆ ಒಂಬತ್ತು ದಿನವಿತ್ತು, ಅಂಗಡಿಯವನಿಗೆ ಫೋನು ಮಾಡಿದರೆ ವಾಪಸು ಹೋದ ಹಲಗೆ ಆಗಲೇ ಬೇರೆಯವರ ಪಾಲಾಗಿತ್ತು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಹಲಗೆ ಮೊರದಲ್ಲಿ ಮಲಗಿತ್ತು, ಮೈಮೇಲೆ ಜೋಳದ ಹಿಟ್ಟು. ಈರಮ್ಮನವರು ಅದನ್ನು ಬಿಸಿಲಿಗೆ ಇಟ್ಟು ಕಾಯುತ್ತ ಕೂತಿದ್ದರು. ಒಣ ಹಿಟ್ಟು ಎಣ್ಣೆ ಹೀರುತ್ತದೆ. ಹಿಟ್ಟು ಹಳದಿಗೆ ತಿರುಗಿದರೆ ಜಾಡಿಸಿ ಹೊಸ ಹಿಟ್ಟು ಹಚ್ಚುತ್ತಿದ್ದರು. ಯಾರೂ ಹೇಳಿರಲಿಲ್ಲ. ನಾಲ್ಕು ದಿನ ಹೀಗೇ ನಡೆಯಿತು. ಆ ನಾಲ್ಕು ದಿನ ಅತ್ತೆ ಸೊಸೆಯ ನಡುವೆ ಊಟಕ್ಕೆ ಬಾ, ಚಹಾ ತಗೊ ಎಂಬ ಎರಡೇ ಮಾತು. ದಸರೆಯ ಬನ್ನಿ ಕೊಟ್ಟು ಕಾಲು ಮುಟ್ಟಿದಾಗಲೂ ಶಿವಗಂಗಾ ತಪ್ಪಾಯಿತು ಎನ್ನಲಿಲ್ಲ.

ಐದನೆಯ ದಿನ ಈರಮ್ಮನವರು ಹಲಗೆಯನ್ನು ಅವಳ ಮುಂದಿಟ್ಟು ಒಳಗೆ ಹೋದರು. ಶಿವಗಂಗಾ ಬಾರಿಸಿ ನೋಡಿದಳು. ಡುಬ್ ಎಂಬ ದನಿ ಮುಕ್ಕಾಲು ಪಾಲು ಮರಳಿತ್ತು. ಮಿಠಾಯಿ ಅಂಗಡಿಯ ಕಾಟಾದಲ್ಲಿ ತೂಗಿದರೆ ಎಂಬತ್ತೊಂಬತ್ತು ಗ್ರಾಮು; ಮೊದಲು ಎಂಬತ್ತಾರಿತ್ತು, ಅಂದರೆ ಮೂರು ಗ್ರಾಮು ಎಣ್ಣೆ ಇನ್ನೂ ಒಳಗಿತ್ತು. ಹಲಗೆಯ ಬಣ್ಣ ತಿಳಿಯಾಗಿತ್ತು, ಹಿಡಿಕೆಯ ಮೇಲ್ಗಡೆ ಪೆನ್ಸಿಲಿನಲ್ಲಿ ಬರೆದ ಜಾಗದಲ್ಲಿ ಮಾತ್ರ ಎರಡು ಬೆರಳಗಲ ಇನ್ನೂ ಜೇನಿನ ಬಣ್ಣ. ಅತ್ತೆಯ ಕಣ್ಣಿಗೆ ಅದು ಕಾಣಲಿಲ್ಲವೇನೋ ಎಂದುಕೊಂಡಳು. ತಾನೇ ಹಿಟ್ಟು ಹಚ್ಚಬಹುದಿತ್ತು, ದಿನವಿರಲಿಲ್ಲ. ಅಂಟು ಬಳಿದು ರಬ್ಬರು ಹಚ್ಚಿ, ಮೇಲೆ ಭಾರಕ್ಕೆ ಕಚೇರಿಯ ಕಡತಗಳನ್ನು ಹೇರಿದಳು. ಹತ್ತಿತು.

ಹತ್ತಿದ್ದಷ್ಟೇ ಅಲ್ಲ, ಕ್ಲಬ್ಬಿನಲ್ಲಿ ಆಡಿ ನೋಡಿದಾಗ ಅವಳಿಗೆ ಅಳುವೇ ಬಂತು. ಚೆಂಡು ಬಂದು ಕೂರುತ್ತಿತ್ತು. ಕಣ್ಣು ಮಿಟುಕಿಸುವಷ್ಟೂ ಅಲ್ಲ, ಆದರೆ ಆ ಅಷ್ಟರಲ್ಲಿ ತನ್ನ ಕೈ ಏನು ಬೇಕೋ ಅದನ್ನು ಮಾಡಬಹುದು ಎಂಬ ಧೈರ್ಯ ಬರುತ್ತಿತ್ತು. ಹದಿನಾಲ್ಕು ವರ್ಷದವಳಿದ್ದಾಗ ಕಲ್ಲಿನ ಮೇಜಿನ ಮೇಲೆ ಮೊದಲ ಸಲ ಚೆಂಡನ್ನು ಎತ್ತಿದ ದಿನದ ಸಂತೋಷ ಅದು.

ಪಂದ್ಯ ತಾಂಡೂರಿನಲ್ಲಿ ನಡೆಯಿತು. ನೇಹಾ ಹೋದ ವರ್ಷಕ್ಕಿಂತ ಚುರುಕಾಗಿದ್ದಳು. ಮೊದಲ ಆಟ ಅವಳಿಗೆ ಹೋಯಿತು. ಎರಡನೆಯದು, ಮೂರನೆಯದು ಶಿವಗಂಗಾಳಿಗೆ ಬಂದವು. ನೇಹಾ ಅಡ್ಡ ಹಿಡಿದ ಬ್ಯಾಟಿನಿಂದ ಚೆಂಡು ಮೇಲೆ ಹಾರುತ್ತಲೇ ಇತ್ತು, ತಾಂಡೂರಿನವರೇ ಶಹಬ್ಬಾಸ್ ಎಂದರು. ನಾಲ್ಕನೆಯ ಆಟದಲ್ಲಿ ಶಿವಗಂಗಾಳ ಹೆಬ್ಬೆರಳಿಗೆ ಏನೋ ತಾಗಿತು. ನೋಡಿದರೆ ಹಿಡಿಕೆಯ ಬಳಿ ಕೆಂಪು ರಬ್ಬರಿನ ಅಂಚು ಎದ್ದಿದೆ. ಎಣ್ಣೆ ಉಳಿದ ಜಾಗ. ಒತ್ತಿದಳು, ಮತ್ತೆ ಎದ್ದಿತು. ಮನಸ್ಸು ಅತ್ತ ಹೋಗಿ ಆ ಆಟ ಸೋತಳು.

ತೀರ್ಪುಗಾರರು ನೋಡಿ, ಬ್ಯಾಟು ಕೆಟ್ಟಿದೆ, ಬೇರೆ ಇದ್ದರೆ ಬದಲಿಸಿಕೊಳ್ಳಿ ಎಂದರು. ಚೀಲದಲ್ಲಿ ಲಿಂಗರಾಜನ ಕಾರ್ಬನ್ ಇತ್ತು, ಎಲ್ಲೂ ಕಿತ್ತಿರದ, ಗಟ್ಟಿಮುಟ್ಟಾದ ಬ್ಯಾಟು. ಶಿವಗಂಗಾ ಚೀಲದ ಜಿಪ್ಪು ತೆರೆದಳು, ಮತ್ತೆ ಮುಚ್ಚಿದಳು. ಅದರಲ್ಲಿ ಆಡಿದರೆ ಹೋದ ವರ್ಷದ ಹಾಗೆಯೇ ಆಡುತ್ತೇನೆ. ಇದರಲ್ಲಿ ಗೆದ್ದರೂ ಸೋತರೂ ಆಡಿದವಳು ನಾನೇ ಆಗಿರುತ್ತೇನೆ. ಹೆಬ್ಬೆರಳಲ್ಲಿ ಅಂಚನ್ನು ಒತ್ತಿ ಹಿಡಿದು ಐದನೆಯ ಆಟಕ್ಕೆ ನಿಂತಳು.

ಒಂಬತ್ತು ಒಂಬತ್ತು ಆಯಿತು. ನಂತರ ಹತ್ತು ಒಂಬತ್ತು, ನೇಹಾ ಮುಂದೆ. ಶಿವಗಂಗಾ ಪೂರ್ತಿ ಬಗ್ಗಿ ಕೆಳಗಿನಿಂದ ಉಜ್ಜಿದಳು. ಕೈ ಕೂದಲೆಳೆಯಷ್ಟು ತಡವಾಯಿತು, ಚೆಂಡು ಬ್ಯಾಟಿನ ನಡುವಿಗೆ ಬರದೆ ಕೆಳಗೆ, ಹಿಡಿಕೆಯ ಬಳಿ ಬಂತು. ಎದ್ದ ರಬ್ಬರಿನ ಮೇಲೆ ಮೆತ್ತಗೆ ಬಿದ್ದು, ಬಲೆಯ ಈಚೆಗೇ ಉರುಳಿತು.

ನೇಹಾ ಬಂದು ಕೈ ಹಿಡಿದಳು. ಬ್ಯಾಟು ತಿರುಗಿಸಿ ನೋಡಿ, "ಅಕ್ಕಾ, ಎಂಥಾ ಹಲಗಿರೀ ಇದು, ಚೆಂಡ್ ಎಲ್ಲಿ ಏಳ್ತದೋ ತಿಳೀಲೇ ಇಲ್ಲ" ಎಂದಳು. ಶಿವಗಂಗಾ ನಗುವ ಪ್ರಯತ್ನ ಮಾಡಿದಳು.

ವಾಪಸು ಬಸ್ಸಿನಲ್ಲಿ ಅವಳು ಒಂದೇ ಮಾತನ್ನು ತಿದ್ದಿ ತಿದ್ದಿ ಸಿದ್ಧಮಾಡಿದಳು. ಕಣ್ಣು ಕಾಣದಿದ್ದರೆ ಒಂದು ಮಾತು ಹೇಳಬಾರದಿತ್ತೇ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತಿದ್ದೆ. ಸಿಟ್ಟಿಲ್ಲದೆ ಹೇಳಬೇಕು, ಆದರೆ ಹೇಳಬೇಕು. ದಾರಿಯುದ್ದಕ್ಕೂ ತೊಗರಿ ಹೊಲಗಳು ಹಳದಿ ಹೂ ಬಿಟ್ಟಿದ್ದವು, ಅವಳು ಒಂದನ್ನೂ ನೋಡಲಿಲ್ಲ.

ಈರಮ್ಮನವರು ಕಟ್ಟೆಯ ಮೇಲೆ ದಾರಿ ಕಾಯುತ್ತ ಕೂತಿದ್ದರು. ಊಟ, ಚಹಾದ ಮಾತು ಬಿಟ್ಟರೆ ಒಂಬತ್ತು ದಿನದಲ್ಲಿ ಮೊದಲ ಸಲ ತಾವೇ ಮಾತು ತೆಗೆದರು. "ಏನಾತು?"

"ಸೋತೆ ಅತ್ತಿ."

ಮುದುಕಿ ಕೈ ಚಾಚಿದರು. ಶಿವಗಂಗಾ ಬ್ಯಾಟು ಕೊಟ್ಟು, ಸಿದ್ಧಮಾಡಿದ ಮಾತಿಗೆ ಬಾಯಿ ತೆರೆದಳು. ಅಷ್ಟರಲ್ಲಿ ಈರಮ್ಮನವರ ಹೆಬ್ಬೆರಳು ನೇರವಾಗಿ ಎದ್ದ ಅಂಚಿಗೇ ಹೋಯಿತು, ಅಲ್ಲೇ ನಿಂತಿತು.

"ಇಲ್ಲೇ ಬಿಟ್ಟದಲ್ಲ. ಇಲ್ಲಿ ನಾನೇ ಹಿಟ್ಟ್ ಹಚ್ಚಲಿಲ್ಲವ್ವ. ನೀ ಏನೋ ಬರದಿದ್ದಿ. ಒಣ ಹಿಟ್ಟ್ ಹಾಕಿ ತಿಕ್ಕಿದ್ರ ಅಳಿಸಿ ಹೋಗ್ತಿತ್ತು. ಮೊದಲೇ ಒಂದ್ ತಪ್ಪ ಮಾಡೀನಿ, ಇನ್ನೊಂದ್ ಯಾಕಂತ ಬಿಟ್ಟೆ. ಏನದು, ದೇವರ ಹೆಸರೇನು?"

ಶಿವಗಂಗಾಳಿಗೆ ಬಸ್ಸಿನಲ್ಲಿ ತಿದ್ದಿದ ಮಾತು ಪೂರ್ತಿ ಮರೆತುಹೋಯಿತು. ಅವಳು ಅತ್ತೆಯ ಪಕ್ಕ ಕೂತು, ಸಡಿಲಾದ ರಬ್ಬರನ್ನು ಉಗುರಿನಿಂದ ಮೆಲ್ಲಗೆ ಎತ್ತಿದಳು. ಎಣ್ಣೆಯ ಬಣ್ಣದ ಮೇಲೆ ಪೆನ್ಸಿಲಿನ ಅಕ್ಷರ ಒಂದೂ ಅಳಿಯದೆ ಇತ್ತು. ಈರಮ್ಮನವರ ಬೆರಳು ಹಿಡಿದು, ಒಂದೊಂದು ಅಕ್ಷರದ ಕೆಳಗೆ ಇಡಿಸುತ್ತ ಓದಿದಳು.

"ಅತ್ತಿ. ಆರಿಸಿದ್ದು."

ಈರಮ್ಮನವರು ಬೆರಳು ತೆಗೆಯದೆ ಆ ಅಕ್ಷರಗಳನ್ನೇ ನೋಡಿದರು. "ನನ್ನ ಹೆಸರಿನ ಸಲುವಾಗೇ ಸೋತಂಗಾತಲ್ಲ ನೀನು" ಎಂದರು.

"ಸೋತಿದ್ದು ನಾನ್ರಿ. ಆರಿಸಿದ್ದು ನೀವು. ಹಲಗಿ ಬರೋಬ್ಬರಿ ಇತ್ತು." ಆಮೇಲೆ ಒಂಬತ್ತು ದಿನ ಆಡದೆ ಉಳಿದಿದ್ದ ಮಾತು ತಾನಾಗಿ ಹೊರಬಂತು. "ನಿಮಗೇನ್ ತಿಳೀತದ ಕಟ್ಟಿಗಿ ಅಂದೆ ಅವತ್ತ. ನನ್ನ ಬಾಯಿಗಿ ಹಂಗ ಬರಬಾರದಿತ್ತ್ರಿ. ತಪ್ಪಾತು."

ಈರಮ್ಮನವರು ಮೊಣಕಾಲಿಗೆ ಕೈಕೊಟ್ಟು ಎದ್ದು ಒಳಗೆ ಹೋಗಿ, ಅಂಗೈಯಲ್ಲಿ ಒಂದು ಹಿಡಿ ಜೋಳದ ಹಿಟ್ಟು ತಂದರು. "ಮುಂದಿನ ವರ್ಷಕ್ಕ ಟೈಮ್ ಅದ. ಇದನ ಎತ್ತಿ ಹಿಡಿ" ಎಂದು ರಬ್ಬರನ್ನು ತೋರಿಸಿ, ಕಣ್ಣು ಕಿರಿದು ಮಾಡಿ, ಅಕ್ಷರಗಳಿಗೆ ತಾಗದ ಹಾಗೆ ಸುತ್ತಲೂ ಚಿಟಿಕೆ ಚಿಟಿಕೆ ಹಿಟ್ಟು ಇಡತೊಡಗಿದರು.